ಟ್ರೈಗ್ಲಿಸರೈಡ್ ಏರಿದೆಯೇ? ಮೊದಲು ಸಕ್ಕರೆ ಡಬ್ಬಿ ನೋಡಿ

ರಕ್ತಪರೀಕ್ಷೆಯಲ್ಲಿ ಟ್ರೈಗ್ಲಿಸರೈಡ್, ಅಂದರೆ ರಕ್ತದಲ್ಲಿರುವ ಒಂದು ಬಗೆಯ ಕೊಬ್ಬು, 150 ಮಿ.ಗ್ರಾಂ ದಾಟಿತೆಂದರೆ ಮನೆಯಲ್ಲಿ ಮೊದಲು ಮರೆಯಾಗುವುದು ತುಪ್ಪ. ಕಾಫಿಗೆ ಎರಡು ಚಮಚ ಸಕ್ಕರೆ ಮಾತ್ರ ಹಾಗೇ ಮುಂದುವರಿಯುತ್ತದೆ. ಎಡವಟ್ಟಾಗುವುದು ಇಲ್ಲೇ.

ಸಕ್ಕರೆಯಲ್ಲಿ ಅರ್ಧ ಗ್ಲೂಕೋಸ್, ಅರ್ಧ ಫ್ರಕ್ಟೋಸ್. ಗ್ಲೂಕೋಸ್ ರಕ್ತಕ್ಕೆ ಸೇರಿದಾಗ ಇನ್ಸುಲಿನ್ ಏರುತ್ತದೆ. ಅದು ಏರಿರುವಷ್ಟು ಹೊತ್ತು ದೇಹ ಕೂಡಿಟ್ಟ ಕೊಬ್ಬನ್ನು ಹೆಚ್ಚು ಕರಗಿಸುವುದಿಲ್ಲ. ಊಟದಲ್ಲಿ ಬಂದದ್ದನ್ನೂ ಶೇಖರಿಸಲು ನೋಡುತ್ತದೆ. ಫ್ರಕ್ಟೋಸ್‌ನ ಬಹುಪಾಲನ್ನು ಯಕೃತ್ತೇ ನಿಭಾಯಿಸಬೇಕು. ಅದು ಮಿತಿಮೀರಿದರೆ ಯಕೃತ್ತು ಅದರಿಂದ ಹೊಸ ಕೊಬ್ಬು ತಯಾರಿಸುತ್ತದೆ, ಇದ್ದ ಕೊಬ್ಬನ್ನು ಉರಿಸುವ ಕೆಲಸವೂ ಅಲ್ಲಿ ತಗ್ಗುತ್ತದೆ. ಹೆಚ್ಚಾದದ್ದು ವಿಎಲ್‌ಡಿಎಲ್ ಎಂಬ, ಟ್ರೈಗ್ಲಿಸರೈಡ್ ಹೊತ್ತ ಕಣಗಳಲ್ಲಿ ರಕ್ತಕ್ಕೆ ಬರುತ್ತದೆ. ಈ ಕಣಗಳನ್ನೂ ಊಟದ ಎಣ್ಣೆ, ತುಪ್ಪ ಹೊತ್ತ ಕಣಗಳನ್ನೂ ಖಾಲಿ ಮಾಡುವುದು ಒಂದೇ ಕಿಣ್ವ. ಅದಕ್ಕೆ ಕೆಲಸ ಹೆಚ್ಚಾದರೆ ಊಟದ ಕೊಬ್ಬು ರಕ್ತದಲ್ಲೇ ಹೆಚ್ಚು ಹೊತ್ತು ಉಳಿಯುತ್ತದೆ.

ಮೊದಲ ಹೆಜ್ಜೆ ಲೆಕ್ಕ. ದಿನಕ್ಕೆ ಒಬ್ಬರಿಗೆ 25 ಗ್ರಾಂ ಸಕ್ಕರೆ ಎಂದಿಟ್ಟುಕೊಂಡರೆ ನಾಲ್ಕು ಜನರ ಮನೆಗೆ ತಿಂಗಳಿಗೆ 3 ಕೆ.ಜಿ. ಇದರಲ್ಲಿ ಬೆಲ್ಲ, ಜೇನು, ಬಿಸ್ಕತ್ತು, ಬೇಕರಿ ತಿಂಡಿಯೊಳಗಿನ ಸಕ್ಕರೆ ಎಲ್ಲವೂ ಸೇರಬೇಕು. ಕಿರಾಣಿ ಚೀಟಿ ತೆಗೆದು ನೋಡಿದರೆ ಸಾಕು, ಎಷ್ಟು ಮೀರಿದೆ ಎಂಬುದು ಗೊತ್ತಾಗುತ್ತದೆ. ಪೊಟ್ಟಣದ ತಿನಿಸಾದರೆ ‘ಆ್ಯಡೆಡ್ ಶುಗರ್ಸ್’ ಸಾಲು ಓದಿ.

ಕಡಿತ ಕುಡಿಯುವುದರಿಂದಲೇ ಶುರುವಾಗಲಿ. 250 ಮಿ.ಲೀ. ಕೋಲಾದಲ್ಲಿ ಸುಮಾರು 26 ಗ್ರಾಂ ಸಕ್ಕರೆ. ದಿನದ ಪಾಲು ಅಲ್ಲಿಗೇ ಮುಗಿಯಿತು. ಅದನ್ನು ಪೂರ್ತಿ ಬಿಡಿ. ಕಾಫಿ, ಟೀಗೆ ವಾರಕ್ಕೆ ಅರ್ಧ ಚಮಚದಂತೆ ಇಳಿಸಿ, ನಾಲಿಗೆ ಒಗ್ಗುತ್ತದೆ. ಮೈಸೂರು ಪಾಕಿನಂಥ ಸಿಹಿಯಲ್ಲಿ ತುಪ್ಪ, ಸಕ್ಕರೆ ಎರಡೂ ಒಟ್ಟಿಗೆ ಸೇರುತ್ತವೆ. ಹಬ್ಬಕ್ಕೆ ಒಂದು ತುಂಡು ಸರಿ, ಫ್ರಿಜ್‌ನಲ್ಲಿಟ್ಟು ವಾರವಿಡೀ ತಿನ್ನುವುದು ಬೇಡ.

ಸಕ್ಕರೆ ಬಿಟ್ಟರೂ ಅಂಕಿ ಇಳಿಯದಿದ್ದರೆ ಕಾರಣ ಹುಡುಕಬೇಕು. ಬೆಲ್ಲಕ್ಕೆ ಬದಲಾಯಿಸಿದರೆ ಲಾಭವಿಲ್ಲ, ಅದರಲ್ಲೂ ಬಹುಪಾಲು ಅದೇ ಸಕ್ಕರೆ. ಹಣ್ಣಿನ ರಸ ಸೋಸಿ ಕುಡಿದರೆ ನಾರು ಹೋಗಿ ಸಿಹಿ ಉಳಿಯುತ್ತದೆ, ಹಣ್ಣನ್ನೇ ತಿನ್ನಿ. ಎಣ್ಣೆ ತೆಗೆದು ಅನ್ನ, ಮೈದಾ ಹೆಚ್ಚಿಸಿಕೊಂಡರೆ ಟ್ರೈಗ್ಲಿಸರೈಡ್ ಏರುವುದೂ ಉಂಟು. ಮದ್ಯವೂ ಏರಿಸುತ್ತದೆ.

ಎರಡು-ಮೂರು ತಿಂಗಳ ನಂತರ, 10ರಿಂದ 12 ಗಂಟೆ ಖಾಲಿ ಹೊಟ್ಟೆಯಲ್ಲಿ ಮತ್ತೆ ಪರೀಕ್ಷಿಸಿ, ನೀರು ಕುಡಿಯಬಹುದು. ಮಧುಮೇಹಕ್ಕೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿಯೇ ಸಿಹಿ, ಅನ್ನ ಇಳಿಸಬೇಕು, ಇಲ್ಲವಾದರೆ ರಕ್ತದ ಸಕ್ಕರೆ ಕುಸಿಯಬಹುದು. ಟ್ರೈಗ್ಲಿಸರೈಡ್ 500 ದಾಟಿದ್ದರೆ ಮೇದೋಜೀರಕ ಗ್ರಂಥಿ ಊದಿಕೊಳ್ಳುವ ಅಪಾಯವಿರುವುದರಿಂದ ಮನೆಮದ್ದಿನಲ್ಲಿ ಕಾಲ ಕಳೆಯದೆ ವೈದ್ಯರ ಬಳಿ ಹೋಗಿ. ಆಗ ಎಣ್ಣೆ, ತುಪ್ಪಕ್ಕೂ ಕಡಿವಾಣ ಬೀಳುತ್ತದೆ.