ಫ್ಲಾಟ್‌ಪ್ಯಾಕ್ ಆ್ಯಪ್‌ಗೆ ಎಷ್ಟು ಸಲಿಗೆ ಕೊಡಬೇಕು?

ಲಿನಕ್ಸ್‌ನ ಒಂದು ಬಗೆಯಾದ ಡೆಬಿಯನ್‌ನಲ್ಲಿ ಫ್ಲಾಟ್‌ಪ್ಯಾಕ್ (ಆ್ಯಪ್‌ಗಳನ್ನು ಹಾಕಿ, ಬೇರೆಯಾಗಿಟ್ಟು ನಡೆಸುವ ವ್ಯವಸ್ಥೆ) ಹಾಕಿ, ಫ್ಲಾಟ್‌ಹಬ್ ರಿಮೋಟ್ (ಆ್ಯಪ್‌ಗಳು ಸಿಗುವ ಆನ್‌ಲೈನ್ ಭಂಡಾರ) ಸೇರಿಸಿ, ಕಂಪ್ಯೂಟರನ್ನು ಒಮ್ಮೆ ರೀಸ್ಟಾರ್ಟ್ ಮಾಡಿದರೆ ಅರ್ಧ ಕೆಲಸ ಮುಗಿಯಿತು. ಉಳಿದರ್ಧವನ್ನು, ಅಂದರೆ ಆ್ಯಪ್‌ಗಳ ಅನುಮತಿ ನೋಡಿ ಬಿಗಿ ಮಾಡುವುದನ್ನು, ಯಾರೂ ಮಾಡುವುದಿಲ್ಲ.

ಸ್ಯಾಂಡ್‌ಬಾಕ್ಸ್ (ಆ್ಯಪ್ ಅನ್ನು ಉಳಿದ ಕಂಪ್ಯೂಟರಿನಿಂದ ಬೇರ್ಪಡಿಸುವ ಆವರಣ) ಎಂದ ಮಾತ್ರಕ್ಕೆ ಎಲ್ಲವೂ ಭದ್ರ ಎನ್ನುವವರನ್ನು ಕಂಡರೆ ನನಗೆ ರೇಗುತ್ತದೆ. ಬಬಲ್‌ರ್‍ಯಾಪ್ ಎಂಬ ಒಳಸಾಧನ ಆ್ಯಪ್ ಸುತ್ತ ಗೋಡೆ ಕಟ್ಟುತ್ತದೆ, ನಿಜ. ಆದರೆ ಅದರಲ್ಲಿ ಬಾಗಿಲು, ಅಂದರೆ ಅನುಮತಿ, ಎಷ್ಟಿರಬೇಕೆಂದು ಮೊದಲೇ ಬರೆದಿಡುವವರು ಪ್ಯಾಕೇಜ್ ತಯಾರಿಸಿದವರು.

ಆದ್ದರಿಂದ ಈ ಅನುಮತಿಗಳನ್ನು ತೋರಿಸಿ ಬದಲಿಸಲು ಬಿಡುವ ಫ್ಲಾಟ್‌ಸೀಲ್ ಎಂಬ ಆ್ಯಪ್ ಹಾಕಿಕೊಳ್ಳಿ. ಪಟ್ಟಿಯಲ್ಲಿ ಆ್ಯಪ್ ಆಯ್ದುಕೊಂಡು ‘ಫೈಲ್‌ಸಿಸ್ಟಮ್’ ಭಾಗಕ್ಕೆ ಇಳಿಯಿರಿ. ‘ಆಲ್ ಯೂಸರ್ ಫೈಲ್ಸ್’ ಆನ್ ಇದ್ದರೆ ನಿಮ್ಮ ಹೋಮ್ ಫೋಲ್ಡರ್ ಹೆಚ್ಚುಕಡಿಮೆ ಅದರ ಕೈಯಲ್ಲಿದೆ ಎಂದೇ ಅರ್ಥ. ಅದನ್ನು ಆಫ್ ಮಾಡಿ, ‘ಅದರ್ ಫೈಲ್ಸ್’ನಲ್ಲಿ ಬೇಕಾದ ಒಂದೇ ಫೋಲ್ಡರಿನ ದಾರಿ ಬರೆಯಿರಿ, ಕೊನೆಗೆ ಕೋಲನ್, ಆರ್, ಓ ಸೇರಿಸಿದರೆ ಆ್ಯಪ್ ಓದಬಹುದು, ತಿದ್ದಲಾರದು. ಪಿಡಿಎಫ್ ಓದುವ ಆ್ಯಪ್‌ಗೆ ಇಂಟರ್ನೆಟ್ ಯಾತಕ್ಕೆ? ‘ಶೇರ್’ ಭಾಗದ ‘ನೆಟ್‌ವರ್ಕ್’ ಕೂಡ ಆಫ್ ಮಾಡಿ. ಆ್ಯಪ್ ಮುಚ್ಚಿ ಮತ್ತೆ ತೆರೆದಾಗಲೇ ಬದಲಾವಣೆ ಜಾರಿಗೆ ಬರುತ್ತದೆ. ಏನಾದರೂ ಕೆಟ್ಟರೆ ‘ರೀಸೆಟ್’ ಇದೆ, ಧೈರ್ಯವಾಗಿ ಪ್ರಯತ್ನಿಸಿ.

ಪೋರ್ಟಲ್ (ಆ್ಯಪ್‌ನ ಪರವಾಗಿ ನಿಮ್ಮನ್ನು ಕೇಳಿ ಫೈಲ್ ಕೊಡಿಸುವ ಮಧ್ಯವರ್ತಿ) ಬಳಸುವ ಆ್ಯಪ್‌ಗಳಿಗೆ ಫೋಲ್ಡರ್ ಅನುಮತಿಯೇ ಬೇಡ: ಫೈಲ್ ತೆರೆಯುವ ಕಿಟಕಿಯಲ್ಲಿ ನೀವು ಆಯ್ದ ಫೈಲಷ್ಟೇ ಅವುಗಳಿಗೆ ಸಿಗುತ್ತದೆ. ನನಗೆ ಇಷ್ಟವಾದ ವ್ಯವಸ್ಥೆ ಇದು.

ಆ್ಯಪ್ ತೆಗೆದುಹಾಕಿದರೂ ಅದರ ಡೇಟಾ ಹೋಮ್‌ನಲ್ಲಿ ಅಡಗಿರುವ ‘ಡಾಟ್ ವಾರ್’ (.var) ಫೋಲ್ಡರಿನೊಳಗೆ ಉಳಿದುಕೊಳ್ಳುತ್ತದೆ. ಅದೂ ಹೋಗಬೇಕಾದರೆ ಟರ್ಮಿನಲ್‌ನಲ್ಲಿ ಫ್ಲಾಟ್‌ಪ್ಯಾಕ್‌ನ ಅನ್‌ಇನ್‌ಸ್ಟಾಲ್ ಆದೇಶಕ್ಕೆ ‘ಡಿಲೀಟ್-ಡೇಟಾ’ ಆಯ್ಕೆ ಸೇರಿಸಿ. ಯಾವ ಆ್ಯಪ್‌ಗೂ ಬೇಡವಾದ ರನ್‌ಟೈಮ್‌ಗಳನ್ನು (ಆ್ಯಪ್‌ಗಳು ಹಂಚಿಕೊಳ್ಳುವ ಮೂಲ ಫೈಲ್‌ಗಳ ಕಟ್ಟುಗಳನ್ನು) ಗುಡಿಸಲು ಅದೇ ಆದೇಶದ ‘ಅನ್‌ಯೂಸ್ಡ್’ ಆಯ್ಕೆ ಸಾಕು.