ರಾಲಿ ಸುತ್ತ ಬಡಾವಣೆ ಹುಡುಕಿದ್ದು ಹೀಗೆ

ನಾರ್ತ್ ಕ್ಯಾರೊಲಿನಾದ ರಾಲಿ ಕಡೆ ಕೆಲಸಕ್ಕೆ ಬರುವ ನಮ್ಮವರು ಮೊದಲು ಕೇಳೋದು ಒಂದೇ ಪ್ರಶ್ನೆ: 'ಮನೆ ಕ್ಯಾರಿಯಲ್ಲಿ ಮಾಡೋದಾ, ಮಾರಿಸ್‌ವಿಲ್‌ನಲ್ಲಾ, ಏಪೆಕ್ಸ್‌ನಲ್ಲಾ?' ನಾವೂ ಅಲ್ಲಿಂದಲೇ ಶುರು ಮಾಡಿದ್ದು. ಹುಡುಕುತ್ತಾ ಹೋದಂತೆ ಊರಿನ ಹೆಸರು ಪಕ್ಕಕ್ಕಿಟ್ಟು, ಒಂದೊಂದೇ ಮನೆಯ ವಿಳಾಸ ಹಿಡಿದು ನೋಡಲು ಕಲಿತೆವು. ಹೊಸದಾಗಿ ಬರುವವರಿಗೆ ನಾನು ಹೇಳುವುದೂ ಅದನ್ನೇ.

ರಾಲಿ, ಡರ್ಹಮ್, ಚಾಪೆಲ್ ಹಿಲ್ ಮೂರೂ ಸೇರಿದ ಜಾಗಕ್ಕೆ ಇಲ್ಲಿ ಟ್ರಯಾಂಗಲ್ ಅಂತಾರೆ. ನಡುವೆ 1959ರಲ್ಲಿ ಶುರುವಾದ ರಿಸರ್ಚ್ ಟ್ರಯಾಂಗಲ್ ಪಾರ್ಕ್ ಇದೆ, ಕಂಪನಿಗಳೂ ಸಂಶೋಧನಾ ಸಂಸ್ಥೆಗಳೂ ಇರುವ ಜಾಗ. ನನ್ನ ಆಫೀಸು ಅಲ್ಲಿ. ನನ್ನ ಹೆಂಡತಿಯ ಕೆಲಸ ರಾಲಿ ಡೌನ್‌ಟೌನಿನಲ್ಲಿ. ಮಗಳು ಕಿಂಡರ್‌ಗಾರ್ಟನ್ ಸೇರಬೇಕಿತ್ತು. ಅಪ್ಪ ಅಮ್ಮ ಊರಿಂದ ಬಂದರೆ ತಿಂಗಳುಗಟ್ಟಲೆ ಇರುತ್ತಾರೆ, ಇಬ್ಬರಿಗೂ ಇಲ್ಲಿ ಕಾರು ಓಡಿಸಲು ಬರುವುದಿಲ್ಲ. ನಮ್ಮ ಲೆಕ್ಕವೆಲ್ಲ ಈ ನಾಲ್ಕು ವಿಷಯದ ಮೇಲೆ ನಿಂತಿತ್ತು.

ವಿಳಾಸದ ಮಾತಿಗೆ ಬರೋಣ. ಇಲ್ಲಿ ಅಂಚೆಯ ವಿಳಾಸಕ್ಕೂ ಟೌನಿನ ಗಡಿಗೂ ತಾಳೆ ಆಗಲೇಬೇಕೆಂದಿಲ್ಲ. ಏಪೆಕ್ಸ್ ಅಂತ ಬರೆದಿರುವ ಎಷ್ಟೋ ಮನೆಗಳು ನಿಜವಾಗಿ ಕ್ಯಾರಿ ಟೌನಿನ ಒಳಗಿವೆ. ಕ್ಯಾರಿಯ ಪಶ್ಚಿಮದ ಅಂಚು ರಾಲಿ ಇರುವ ವೇಕ್ ಕೌಂಟಿ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) ದಾಟಿ ಚಾಟಮ್ ಕೌಂಟಿಯೊಳಕ್ಕೆ ಹೋಗಿದೆ. ಹಾಗಾಗಿ ಅಕ್ಕಪಕ್ಕದ ರಸ್ತೆಗಳಲ್ಲಿದ್ದರೂ ಒಂದು ಮನೆಯ ಮಕ್ಕಳು ಒಂದು ಕೌಂಟಿಯ ಶಾಲೆಗೆ, ಇನ್ನೊಂದು ಮನೆಯ ಮಕ್ಕಳು ಬೇರೆ ಕೌಂಟಿಯ ಶಾಲೆಗೆ ಹೋಗಬೇಕಾಗುತ್ತದೆ. ತೆರಿಗೆಯೂ ಬೇರೆ. ಟೌನಿನ ಒಳಗಿದ್ದರೆ ಕೌಂಟಿ ತೆರಿಗೆಯ ಜೊತೆ ಟೌನಿನ ತೆರಿಗೆ ಸೇರುತ್ತದೆ. ಹೊರಗಿದ್ದರೆ ಅದು ಉಳಿಯುತ್ತದೆ, ಆದರೆ ಕಸ ಎತ್ತಲು ಖಾಸಗಿಯವರಿಗೆ ದುಡ್ಡು ಕೊಡಬೇಕಾಗಬಹುದು. ನೀರು ಸ್ವಂತ ಬೋರ್‌ವೆಲ್‌ನಿಂದ, ಹಿತ್ತಲಲ್ಲಿ ಸೆಪ್ಟಿಕ್ ಟ್ಯಾಂಕು ಇರುವ ಮನೆಗಳೂ ಸಿಗುತ್ತವೆ. ಇದನ್ನೆಲ್ಲ ನೋಡಲು ವೇಕ್ ಕೌಂಟಿಯ ಐಮ್ಯಾಪ್ಸ್ ಅನ್ನುವ ನಕ್ಷೆ ಪುಕ್ಕಟೆ ಸಿಗುತ್ತದೆ. ಗಡಿ, ನೆರೆ ಬರುವ ಜಾಗ, ಝೋನಿಂಗ್ (ಯಾವ ಜಾಗದಲ್ಲಿ ಏನು ಕಟ್ಟಬಹುದು ಅನ್ನುವ ನಿಯಮ) ಎಲ್ಲ ಅದರಲ್ಲಿದೆ. ರಾತ್ರಿ ಊಟ ಆದಮೇಲೆ ನಾವಿಬ್ಬರೂ ಕೂತು ನೋಡುತ್ತಿದ್ದದ್ದು ಅದನ್ನೇ.

ಜಾಸ್ತಿ ಸಮಯ ಹೋದದ್ದು ಶಾಲೆಗೆ. ವೇಕ್ ಕೌಂಟಿಯಲ್ಲಿ ಮನೆಯ ವಿಳಾಸಕ್ಕೆ ಒಂದು ಬೇಸ್ ಶಾಲೆ ಗೊತ್ತುಮಾಡಿರುತ್ತಾರೆ. ಅದು ಮನೆಗೆ ಹತ್ತಿರದ ಶಾಲೆಯೇ ಆಗಿರಬೇಕೆಂದಿಲ್ಲ. ಮಕ್ಕಳು ತುಂಬಿಹೋದ ಶಾಲೆಗೆ 'ಕ್ಯಾಪ್', ಅಂದರೆ ಮಕ್ಕಳ ಸಂಖ್ಯೆಗೆ ಮಿತಿ ಹಾಕುತ್ತಾರೆ. ಆಮೇಲೆ ಆ ಬಡಾವಣೆಗೆ ಬಂದವರ ಮಕ್ಕಳನ್ನು ಓವರ್‌ಫ್ಲೋ ಶಾಲೆಗೆ, ಅಂದರೆ ಜಾಗ ಇರುವ ಇನ್ನೊಂದು ಕಡೆಗೆ ಕಳಿಸಬಹುದು. ಪಶ್ಚಿಮ ವೇಕ್ ಬೇಗ ಬೆಳೆದ ಜಾಗ, ಅಲ್ಲಿ ಇದು ಮುಖ್ಯವಾದ ಮಾತು. ಮನೆ ಮಾರುವ ಜಾಹೀರಾತಿನಲ್ಲಿ ಹಾಕಿರುವ ಶಾಲೆಯ ಹೆಸರನ್ನು ನಂಬಿ ಕೂರಬೇಡಿ. ಶಾಲಾ ಇಲಾಖೆಯ ವೆಬ್‌ಸೈಟಿನಲ್ಲಿ ವಿಳಾಸ ಹಾಕಿ ನೋಡಿ, ಕ್ಯಾಪ್ ಪಟ್ಟಿಯನ್ನೂ ನೋಡಿ.

ಇನ್ನೊಂದು, ಇಲ್ಲಿ ವರ್ಷವಿಡೀ ನಡೆಯುವ ಶಾಲೆಗಳಿವೆ. 45 ದಿನ ಪಾಠ, 15 ದಿನ ರಜೆ, ಮತ್ತೆ ಪಾಠ. ಮಕ್ಕಳನ್ನು ನಾಲ್ಕು ಟ್ರ್ಯಾಕ್, ಅಂದರೆ ಗುಂಪು ಮಾಡಿ, ಒಂದು ಟ್ರ್ಯಾಕ್ ರಜೆಯಲ್ಲಿರುವಾಗ ಉಳಿದ ಮೂರು ಶಾಲೆಯಲ್ಲಿ ಇರುವಂತೆ ನಡೆಸುತ್ತಾರೆ. ಒಂದೇ ಕಟ್ಟಡದಲ್ಲಿ ಜಾಸ್ತಿ ಮಕ್ಕಳು ಹಿಡಿಸುತ್ತಾರೆ. ನಮ್ಮಂಥವರಿಗೆ ಇದರಿಂದ ದೊಡ್ಡ ವ್ಯತ್ಯಾಸವಾಗುತ್ತದೆ. ಬೇಸಿಗೆಯ ಉದ್ದ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಊರಿಗೆ ಹೋಗಿ ಎರಡು ತಿಂಗಳು ಇರುವುದು ಕಷ್ಟ. ಬದಲಿಗೆ ಟ್ರ್ಯಾಕ್ ಸರಿಹೊಂದಿದರೆ ಬೇರೆ ತಿಂಗಳಲ್ಲಿ, ಟಿಕೆಟ್ ಅಗ್ಗ ಇರುವಾಗ ಹೋಗಿಬರಬಹುದು. ಅಪ್ಪ ಅಮ್ಮ ಬಂದಿರುವಾಗ ರಜೆ ಬಿದ್ದರಂತೂ ಮಗಳಿಗೆ ಹಬ್ಬವೇ. ನಮ್ಮ ಮನೆಯಲ್ಲಿ ಇದು ಒಗ್ಗಿತು.

ಮನೆ ತೋರಿಸುವ ಏಜೆಂಟರ ಹತ್ತಿರ 'ಇಲ್ಲಿ ಭಾರತೀಯರು ಜಾಸ್ತಿ ಇದ್ದಾರಾ? ಜನ ಹೇಗೆ?' ಅಂತ ಕೇಳಿದರೆ ಉತ್ತರ ಸಿಗಲ್ಲ. 1968ರ ಫೇರ್ ಹೌಸಿಂಗ್ ಕಾಯ್ದೆ ಪ್ರಕಾರ ಜನಾಂಗ, ಧರ್ಮ, ದೇಶ ನೋಡಿ ಗಿರಾಕಿಗಳನ್ನು ಒಂದು ಬಡಾವಣೆಯ ಕಡೆ ತಿರುಗಿಸುವಂತಿಲ್ಲ. ಕಪ್ಪು ಜನರನ್ನು ಎಷ್ಟೋ ಬಡಾವಣೆಗಳಿಂದ ಹೊರಗಿಟ್ಟ ಚರಿತ್ರೆ ಈ ದಕ್ಷಿಣದ ಊರುಗಳಿಗೂ ಇದೆ. ಆ ಕಾಯ್ದೆ ಇರುವುದರಿಂದಲೇ ನಾವೂ ಬೇಕಾದ ಕಡೆ ಮನೆ ಮಾಡಬಹುದು. ಹಾಗಾಗಿ ಆ ಪ್ರಶ್ನೆ ಬಿಟ್ಟೆವು. ಸಂಜೆ ಹೊತ್ತು ಹೋಗಿ ನಡೆದಾಡಿ, ನಾಯಿ ಹಿಡಿದು ಹೊರಟವರನ್ನು, ಬಸ್‌ಸ್ಟಾಪಿನಲ್ಲಿ ಮಕ್ಕಳಿಗೆ ಕಾಯುತ್ತಿದ್ದ ತಾಯಂದಿರನ್ನು ಮಾತಾಡಿಸಿದೆವು. ಇಲ್ಲಿಯವರು ಕೇಳಿದರೆ ನಿಂತು ಹೇಳುತ್ತಾರೆ.

ಇದನ್ನೆಲ್ಲ ಮನೆ ಕೊಳ್ಳಲು ಆಫರ್ ಹಾಕುವ ಮೊದಲೇ ಮುಗಿಸಬೇಕು. ಯಾಕೆಂದರೆ ನಾರ್ತ್ ಕ್ಯಾರೊಲಿನಾದಲ್ಲಿ ಡ್ಯೂ ಡಿಲಿಜೆನ್ಸ್ ಫೀ ಅಂತ ಒಂದಿದೆ. ಆಫರ್ ಒಪ್ಪಿದ ಕೂಡಲೇ ಆ ದುಡ್ಡು ನೇರವಾಗಿ ಮನೆ ಮಾರುವವರ ಕೈಗೆ ಹೋಗುತ್ತದೆ. ಗೊತ್ತುಮಾಡಿದ ದಿನದೊಳಗೆ ಯಾವ ಕಾರಣಕ್ಕೆ ಬೇಕಾದರೂ ನೀವು ಹಿಂದೆ ಸರಿಯಬಹುದು, ಆದರೆ ಸಾಮಾನ್ಯವಾಗಿ ಆ ದುಡ್ಡು ವಾಪಸ್ ಬರುವುದಿಲ್ಲ. ಮನೆಗೆ ನೂಕುನುಗ್ಗಲು ಇದ್ದ ಕಾಲದಲ್ಲಿ ಜನ ಹತ್ತಾರು ಸಾವಿರ ಡಾಲರ್ ಇಟ್ಟದ್ದುಂಟು. ಆ ದಿನಗಳು ಛಾವಣಿ, ಪೈಪು ಪರೀಕ್ಷೆ ಮಾಡಿಸಲಿಕ್ಕೆ. ಬಡಾವಣೆ ಹೇಗಿದೆ ಅಂತ ಆಗ ತಿಳಿದುಕೊಳ್ಳಲು ಹೊರಟರೆ ತಡವಾಯಿತು.

ಮಳೆ ಬಂದ ಮಾರನೇ ದಿನ ಹೋಗಿ ನೋಡಿ. ಕ್ರ್ಯಾಬ್‌ಟ್ರೀ ಕ್ರೀಕ್ ಜೋರು ಮಳೆಗೆ ಉಕ್ಕುವ ಹಳ್ಳ, ರಾಲಿಯ ದೊಡ್ಡ ಮಾಲ್ ಒಂದರ ಸುತ್ತಲೂ ನೀರು ನಿಂತದ್ದುಂಟು. ಮಾರಿಸ್‌ವಿಲ್, ಡರ್ಹಮ್ ಕಡೆಯ ಜೇಡಿಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಮನೆ ಕೆಳಗಿನ ಕ್ರಾಲ್‌ಸ್ಪೇಸಿನಲ್ಲಿ ತೇವ ಇದೆಯಾ ಅಂತ ಬಗ್ಗಿ ನೋಡಲೇಬೇಕು. ಸದ್ದಿನ ಮಾತು ಬೇರೆ. ಏರ್‌ಪೋರ್ಟಿನ ದೊಡ್ಡ ರನ್‌ವೇಗಳು ನೈಋತ್ಯದಿಂದ ಈಶಾನ್ಯಕ್ಕೆ ಇವೆ, ಆ ಗೆರೆಯ ಕೆಳಗೆ ಬರುವ ಮನೆಗಳಲ್ಲಿ ವಿಮಾನದ ಸದ್ದು ಇರುತ್ತದೆ. ಕ್ಯಾರಿ, ಮಾರಿಸ್‌ವಿಲ್ ನಡುವೆ ರೈಲು ಹಳಿಯೂ ಇದೆ. ಒಂದು ಚಂದದ ಮನೆಯನ್ನು ನಾವು ಬಿಟ್ಟದ್ದು ರಾತ್ರಿ ಹತ್ತಕ್ಕೆ ಅದರ ಮುಂದೆ ಕಾರು ನಿಲ್ಲಿಸಿ ಕಿವಿಗೊಟ್ಟ ಮೇಲೆ. ಹಿತ್ತಲಾಚೆ ಕಾಣುವ ಪೈನ್ ಕಾಡು ಯಾರ ಜಾಗ ಅಂತಲೂ ನಕ್ಷೆಯಲ್ಲಿ ನೋಡಿ. ಖಾಸಗಿಯವರದ್ದಾದರೆ ಅಲ್ಲಿ ನಾಳೆ ಟೌನ್‌ಹೌಸ್ ಏಳಬಹುದು.

ಕೊನೆಗೆ ನಿಂತದ್ದು ಪಶ್ಚಿಮ ಕ್ಯಾರಿಯಲ್ಲಿ, ಮಾರಿಸ್‌ವಿಲ್ ಗಡಿಗೆ ಹತ್ತಿರ. ಹೆಂಡತಿಗೆ ಡೌನ್‌ಟೌನ್ ದೂರ, ಐ-40 ಹೆದ್ದಾರಿಯ ಬೆಳಗಿನ ಜಾಮ್ ಅವಳ ಪಾಲಿಗೆ ಬಿತ್ತು. ಅವಳು ವಾರದಲ್ಲಿ ಕೆಲವು ದಿನ ಮನೆಯಿಂದ ಕೆಲಸ ಮಾಡುವುದರಿಂದ ಒಪ್ಪಿದಳು. ಡರ್ಹಮ್‌ನ ಹಳೇ ಬಡಾವಣೆಗಳ ಮರ, ಜಗಲಿ ನನಗೆ ಇವತ್ತಿಗೂ ಇಷ್ಟ, ಆದರೆ ಅಪ್ಪ ಅಮ್ಮನಿಗೆ ಅಲ್ಲಿಂದ ಎಲ್ಲವೂ ದೂರ. ಇಲ್ಲಿ ಫುಟ್‌ಪಾತ್ ಇದೆ, ನಡೆಯಲು, ಸೈಕಲ್ ಓಡಿಸಲು ಮರಗಳ ನಡುವಿನ ದಾರಿ, ಅಂದರೆ ಗ್ರೀನ್‌ವೇ ಇದೆ, ತರಕಾರಿ ಅಂಗಡಿಗೆ ಅಪ್ಪ ನಡೆದೇ ಹೋಗುತ್ತಾರೆ. ವೆಂಕಟೇಶ್ವರ ದೇವಸ್ಥಾನಕ್ಕೆ ಕಾರಿನಲ್ಲಿ ಸ್ವಲ್ಪವೇ ದೂರ. ಬೇಲಿ, ಬಣ್ಣದ ವಿಷಯದಲ್ಲಿ ಎಚ್‌ಒಎ (ಬಡಾವಣೆಯ ಮನೆ ಮಾಲೀಕರ ಸಂಘ) ಕಟ್ಟುನಿಟ್ಟು, ಅದರ ನಿಯಮಗಳನ್ನು ಮೊದಲೇ ತರಿಸಿ ಓದಿದ್ದೆವು. ಹಿತ್ತಲಲ್ಲಿ ತರಕಾರಿ ಬೆಳೆಯಲು ಅಡ್ಡಿಯಿಲ್ಲ ಅಂತ ನೋಡಿಕೊಂಡದ್ದು ಅಮ್ಮನಿಗೋಸ್ಕರ. ಇಲ್ಲಿನ ಬೇಸಿಗೆಯ ಸೆಕೆಗೆ ಬಸಳೆ ಚೆನ್ನಾಗಿ ಹಬ್ಬುತ್ತದೆ.

ಬಾಡಿಗೆಗೆ ಹುಡುಕುವವರಿಗೆ ಒಂದು ಮಾತು. ಅಪಾರ್ಟ್‌ಮೆಂಟಿಗೂ ಶಾಲೆಯ ನಿಯಮ ಇದೇ. ಲೀಸ್‌ಗೆ ಸಹಿ ಹಾಕುವ ಮೊದಲು ಅಪಾರ್ಟ್‌ಮೆಂಟಿನ ಪೂರ್ತಿ ವಿಳಾಸ ಕೇಳಿ ಪಡೆದು, ಬೇಸ್ ಶಾಲೆ ಯಾವುದು, ಕ್ಯಾಪ್ ಇದೆಯಾ ಅಂತ ಶಾಲಾ ಇಲಾಖೆಗೇ ಫೋನ್ ಮಾಡಿ. ಮಗುವಿಗೆ ಆಗಸ್ಟ್ 31ರೊಳಗೆ ಐದು ತುಂಬುವುದಾದರೆ ಆ ವರ್ಷವೇ ಕಿಂಡರ್‌ಗಾರ್ಟನ್. ವರ್ಷವಿಡೀ ನಡೆಯುವ ಶಾಲೆ ಜುಲೈನಲ್ಲೇ ಶುರುವಾಗುತ್ತದೆ, ಆಗಸ್ಟಿನ ತನಕ ಸಮಯ ಇದೆ ಅಂದುಕೊಳ್ಳಬೇಡಿ.