ಕಾರಿನಲ್ಲಿ ಕಾಶಿಗೆ ಹೊರಡುವ ಮುಂಚೆ

ನನ್ನ ತಂಗಿಯ ಮಗ ಬರುವ ಜನವರಿಯಲ್ಲಿ ಬೆಂಗಳೂರಿನಿಂದ ಕಾಶಿಗೆ ಕಾರಿನಲ್ಲೇ ಹೊರಟಿದ್ದಾನೆ. ಹೆಂಡತಿ, ಐದು ವರ್ಷದ ಮಗಳು, ಎಪ್ಪತ್ತರ ಹತ್ತಿರದ ಅಪ್ಪ ಅಮ್ಮ ಜೊತೆಗಿದ್ದಾರೆ. “ದೊಡ್ಡಮ್ಮ, ನೀವು ಎರಡು ಸಲ ಹೋಗಿ ಬಂದವರು, ಏನೇನು ಇಟ್ಕೋಬೇಕು ಹೇಳಿ” ಎಂದು ಫೋನ್ ಮಾಡಿದ್ದ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಏನು ಇಟ್ಟುಕೊಳ್ಳಬೇಕು ಅನ್ನೋದಕ್ಕಿಂತ ಮೊದಲು, ದಿನಕ್ಕೆ ಎಷ್ಟು ದೂರ ಅನ್ನೋದು ತೀರ್ಮಾನವಾಗಬೇಕು. ಒಟ್ಟು ಸುಮಾರು 1,800 ಕಿಲೋಮೀಟರ್. ಅವನ ಲೆಕ್ಕದಲ್ಲಿ ಮೊದಲ ರಾತ್ರಿ ನಾಗಪುರ, ಎರಡನೇ ರಾತ್ರಿ ಕಾಶಿ. ಅದು ಓಡಿಸುವವನ ಲೆಕ್ಕ. ಗಾಡಿಯಲ್ಲಿ ಮಗುವೂ ವಯಸ್ಸಾದವರೂ ಇದ್ದಾಗ ಲೆಕ್ಕ ಅವರದ್ದಾಗಬೇಕು. ದಿನಕ್ಕೆ 300ರಿಂದ 400 ಕಿಲೋಮೀಟರ್ ಸಾಕು. ಕರ್ನೂಲು, ನಿರ್ಮಲ್, ನಾಗಪುರ, ಜಬಲ್ಪುರ, ಪ್ರಯಾಗ್‌ರಾಜ್, ಹೀಗೆ ಐದು ಕಡೆ ರಾತ್ರಿ ಉಳಿದು ಆರನೇ ದಿನ ಕಾಶಿ ಸೇರಿ ಎಂದೆ. ನಿರ್ಮಲ್‌ನಲ್ಲಿ ಮರದ ಬೊಂಬೆ ಮಾಡುತ್ತಾರೆ, ಮಗು ಖುಷಿಪಡುತ್ತದೆ. ಹೈದರಾಬಾದಿನ ಊರೊಳಗೆ ಹೋಗಬೇಡಿ, ಹೊರವರ್ತುಲ ರಸ್ತೆ ಹಿಡಿದು ಸುತ್ತಿಕೊಂಡು ದಾಟಿಬಿಡಿ. ನಾಗಪುರ ಬಿಟ್ಟ ಮೇಲೆ ಪೆಂಚ್ ಕಾಡು ಸಿಗುತ್ತದೆ. ಅಲ್ಲಿ ಪ್ರಾಣಿಗಳು ಕೆಳಗೆ ಓಡಾಡಲಿ ಎಂದು ರಸ್ತೆಯನ್ನೇ ಮೇಲೆತ್ತಿ ಕಟ್ಟಿದ್ದಾರೆ. ಹಗಲಲ್ಲೇ ದಾಟಿ, ಕಾಡಿನ ನಡುವೆ ಇಳಿಯಬೇಡಿ.

ಬೆಳಗಿನ ಜಾವ ನಾಲ್ಕಕ್ಕೆ ಹೊರಡೋದು ನಮ್ಮ ಕಡೆಯ ಅಭ್ಯಾಸ, ಅಲ್ವಾ? ನಾಗಪುರದವರೆಗೆ ಬೇಕಾದರೆ ಹಾಗೆ ಹೋಗಿ. ಅದರಾಚೆ, ಅದರಲ್ಲೂ ಗಂಗೆಯ ಬಯಲಿನಲ್ಲಿ, ಡಿಸೆಂಬರ್ ಜನವರಿಯ ಮಂಜು ನಮ್ಮ ಮಲೆನಾಡಿನ ಮಂಜಿನ ಹಾಗಲ್ಲ. ಮುಂದಿನ ಲಾರಿ ಹತ್ತು ಮಾರು ದೂರದಲ್ಲಿದ್ದರೂ ಕಾಣುವುದಿಲ್ಲ. ಬಿಸಿಲು ಬಂದು ರಸ್ತೆ ಪೂರ್ತಿ ಕಂಡ ಮೇಲೆ ಹೊರಡಿ, ಕತ್ತಲಾಗುವ ಮೊದಲು ರೂಮು ಸೇರಿ. ಈ ಒಂದು ಮಾತನ್ನು ಅವನ ಹತ್ತಿರ ಮೂರು ಸಲ ಹೇಳಿದ್ದೇನೆ.

ಈಗ ನೀರಿನ ವಿಷಯ. ಇದನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಮಾತಾಡುವುದಿಲ್ಲ. ದಾರಿಯಲ್ಲಿ ಟಾಯ್ಲೆಟ್ ಸಿಗುತ್ತೋ ಇಲ್ಲವೋ ಎಂಬ ಹೆದರಿಕೆಗೆ ಹೆಂಗಸರು, ಅದರಲ್ಲೂ ವಯಸ್ಸಾದವರು, ನೀರು ಕುಡಿಯುವುದನ್ನೇ ಬಿಡುತ್ತಾರೆ. ನಮ್ಮ ಮೊದಲ ಪ್ರಯಾಣದಲ್ಲಿ ನಮ್ಮ ಅತ್ತೆ ಹಾಗೇ ಮಾಡಿದರು. ಎರಡನೇ ದಿನ ಮಧ್ಯಾಹ್ನ ಕಾರಿನಿಂದ ಇಳಿಯುವಾಗ ತಲೆಸುತ್ತಿ ಕೂತುಬಿಟ್ಟರು. ಬೆಳಗಿನಿಂದ ಅರ್ಧ ಲೋಟ ನೀರೂ ಕುಡಿದಿರಲಿಲ್ಲ. ನಾನು ಪಕ್ಕದಲ್ಲೇ ಇದ್ದೆ, ಒಂದು ಸಲವೂ ಕೇಳಿರಲಿಲ್ಲ. ಈಗಲೂ ಅದು ನನ್ನನ್ನು ಕಾಡುತ್ತದೆ. ಅದಕ್ಕೇ ಹೇಳ್ತೀನಿ, ಎರಡು ಗಂಟೆಗೊಮ್ಮೆ ಯಾರೂ ಕೇಳದಿದ್ದರೂ ಗಾಡಿ ನಿಲ್ಲಿಸಿ. ದೊಡ್ಡ ಪೆಟ್ರೋಲ್ ಬಂಕ್ ನೋಡಿ ನಿಲ್ಲಿಸಿದರೆ ಸಾಮಾನ್ಯವಾಗಿ ಟಾಯ್ಲೆಟ್ ಇರುತ್ತದೆ. ಒಂದು ಚೀಲದಲ್ಲಿ ಚೊಂಬು, ಸೋಪು, ಹಳೆಯ ಟವೆಲ್ ಬೇರೆಯಾಗಿ ಇಟ್ಟಿರಿ. ಎಲ್ಲರೂ ಐದು ನಿಮಿಷ ನಡೆಯಲಿ. ಕಾಲು ಇಳಿಬಿಟ್ಟು ಕೂತೇ ಇದ್ದರೆ ಸಂಜೆಗೆ ಪಾದ ಊದಿಕೊಳ್ಳುತ್ತದೆ. ಬಿಪಿಗೆ ನೀರಿನ ಮಾತ್ರೆ, ಅಂದರೆ ಮೂತ್ರ ಹೆಚ್ಚು ಹೋಗುವಂತೆ ಮಾಡುವ ಮಾತ್ರೆ, ತೆಗೆದುಕೊಳ್ಳುವವರು ಪ್ರಯಾಣದ ದಿನ ಅದನ್ನು ಯಾವಾಗ ತೆಗೆದುಕೊಳ್ಳಬೇಕು ಅಂತ ಡಾಕ್ಟರನ್ನು ಮೊದಲೇ ಕೇಳಿ. ತಾವಾಗಿ ನಿಲ್ಲಿಸಬಾರದು.

ಮಾತ್ರೆಗಳು ಡಿಕ್ಕಿಯಲ್ಲಿ ಬೇಡ, ಕೈಚೀಲದಲ್ಲಿರಲಿ. ಎರಡನೇ ಸಲ ನಾವು ಔಷಧಿ ಡಬ್ಬಿಯನ್ನು ಸೂಟ್‌ಕೇಸಿನ ತಳದಲ್ಲಿ ಇಟ್ಟು, ನಾಗಪುರದಲ್ಲಿ ರಾತ್ರಿ ಹತ್ತಕ್ಕೆ ಇಡೀ ಸಾಮಾನು ಕೆಳಗಿಳಿಸಿದ್ದೆವು. ಇನ್ಸುಲಿನ್ ಇದ್ದರೆ ನಿಂತ ಕಾರಿನಲ್ಲಿ ಬಿಟ್ಟು ಹೋಗಲೇಬೇಡಿ, ಐಸಿಗೂ ನೇರ ತಾಗಿಸಬೇಡಿ. ಡಾಕ್ಟರ ಚೀಟಿಯಲ್ಲಿ ಕಂಪನಿ ಹೆಸರಿನ ಜೊತೆಗೆ ಔಷಧಿಯ ಮೂಲ ಹೆಸರನ್ನೂ ಬರೆಸಿಕೊಳ್ಳಿ. ಬೇರೆ ರಾಜ್ಯದ ಅಂಗಡಿಯಲ್ಲಿ ಅದೇ ಕಂಪನಿಯದು ಸಿಗದಿದ್ದರೂ ಮೂಲ ಹೆಸರು ಕೇಳಿ ಕೊಡುತ್ತಾರೆ.

ಬುತ್ತಿ ಕಟ್ಟುವುದು ನನಗೆ ಇಷ್ಟದ ಕೆಲಸ. ಮೊದಲ ದಿನಕ್ಕೆ ಇಡ್ಲಿ, ಮೇಲೆ ಎಣ್ಣೆ ಮತ್ತು ಚಟ್ನಿಪುಡಿ. ಕಾಯಿ ಚಟ್ನಿ ಬೇಡ, ಕಾಯಿ ಹಾಕಿದ್ದು ಯಾವುದೂ ಮಧ್ಯಾಹ್ನ ದಾಟುವುದಿಲ್ಲ. ಅನ್ನಕ್ಕೆ ಉಗುರುಬೆಚ್ಚಗಿನ ಹಾಲು ಹಾಕಿ, ಒಂದೇ ಚಮಚ ಮೊಸರು ಕಲಸಿ ಡಬ್ಬಿಗೆ ತುಂಬಿ. ಊಟದ ಹೊತ್ತಿಗೆ ಹುಳಿಯಿಲ್ಲದ ಮೊಸರನ್ನವಾಗಿರುತ್ತದೆ. ಎರಡನೇ ದಿನಕ್ಕೆ ಉತ್ತರ ಕರ್ನಾಟಕದವರ ದಶಮಿ ಬಹಳ ಒಳ್ಳೆಯದು. ಹಿಟ್ಟನ್ನು ನೀರಿನ ಬದಲು ಹಾಲಿನಲ್ಲಿ ನಾದಿ ಮಾಡುತ್ತಾರೆ, ಮೆತ್ತಗೇ ಉಳಿಯುತ್ತದೆ. ಆಮೇಲಿನ ದಿನಗಳಿಗೆ ಜೋಳದ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಅವಲಕ್ಕಿ, ಹುರಿಹಿಟ್ಟು, ಒಂದು ಬಾಟಲಿ ಪುಳಿಯೋಗರೆ ಗೊಜ್ಜು. ಬಿಸಿ ಅನ್ನ ಎಲ್ಲಿ ಸಿಕ್ಕಿದರೂ ಗೊಜ್ಜು ಕಲಸಿದರೆ ಮನೆಯೂಟ. ಏನೇ ಕಟ್ಟಿದರೂ ಬಟ್ಟೆಯ ಮೇಲೆ ಹರಡಿ ಪೂರ್ತಿ ಆರಿಸಿ ಮುಚ್ಚಿ. ಬಿಸಿಯಲ್ಲೇ ಮುಚ್ಚಿದರೆ ಒಳಗೆ ಬೆವರಿ ಅದೇ ದಿನ ಹಳಸುತ್ತದೆ. ನಾಗಪುರದಲ್ಲಿ ಆ ಹೊತ್ತಿಗೆ ಕಿತ್ತಳೆ ರಾಶಿ ಬಿದ್ದಿರುತ್ತದೆ, ದಾರಿಯ ಹಣ್ಣು ಅದೇ ಆಗಲಿ. ಮಗುವಿಗೆ ಕಾರಿನಲ್ಲಿ ವಾಂತಿಯಾಗುವ ಅಭ್ಯಾಸವಿದ್ದರೆ ಹೊರಡುವ ಮುಂಚೆ ಹೊಟ್ಟೆ ತುಂಬ ಹಾಲು ಕುಡಿಸಬೇಡಿ. ಓಡುವ ಗಾಡಿಯಲ್ಲಿ ಮೊಬೈಲ್ ಕೊಡಬೇಡಿ.

ಬಟ್ಟೆಯನ್ನು ಆಳಿಗೊಂದು ಚೀಲ ಅಂತ ಕಟ್ಟಬೇಡಿ, ರಾತ್ರಿಗೊಂದು ಚೀಲ ಅಂತ ಕಟ್ಟಿ. ಕರ್ನೂಲಿನಲ್ಲಿ ಎಲ್ಲರದ್ದೂ ಸೇರಿ ಒಂದೇ ಚೀಲ ಇಳಿದರೆ ಸಾಕು. ಸ್ವೆಟರು, ಶಾಲು, ಕಿವಿ ಮುಚ್ಚುವ ಟೋಪಿ ಜಬಲ್ಪುರದ ಹೊತ್ತಿಗೆ ಕೈಗೆ ಸಿಗುವಂತಿರಲಿ. ಕಾಶಿಯ ಘಾಟಿನ ಗಲ್ಲಿಗಳಿಗೆ ಕಾರು ಹೋಗುವುದಿಲ್ಲ. ಎಲ್ಲೋ ದೂರ ನಿಲ್ಲಿಸಿ ಸೈಕಲ್ ರಿಕ್ಷಾ ಹತ್ತಬೇಕು, ಉಳಿದದ್ದು ನಡಿಗೆ. ಹಾಗಾಗಿ ಕಾಶಿಗೆ ಬೇಕಾದಷ್ಟನ್ನು ಪ್ರಯಾಗದಲ್ಲೇ ಹೆಗಲಿಗೆ ಹಾಕುವ ಚೀಲಕ್ಕೆ ತುಂಬಿಕೊಳ್ಳಿ.

ಕಾರಿನ ಸರ್ವಿಸ್ ಹೊರಡುವ ಹಿಂದಿನ ದಿನ ಬೇಡ, ಹತ್ತು ದಿನ ಮುಂಚೆ ಮಾಡಿಸಿ. ಏನಾದರೂ ಸಡಿಲ ಬಿಟ್ಟಿದ್ದರೆ ಊರಲ್ಲೇ ಗೊತ್ತಾಗುತ್ತದೆ. ಸ್ಟೆಪ್ನಿಗೂ ಗಾಳಿ ನೋಡಿ. ತುಂಬಿದ ಗಾಡಿಗೆ ಎಷ್ಟು ಗಾಳಿ ಅಂತ ಸಾಮಾನ್ಯವಾಗಿ ಡ್ರೈವರ್ ಬಾಗಿಲ ಹತ್ತಿರ ಬರೆದಿರುತ್ತದೆ. ಫಾಸ್ಟ್ಯಾಗ್‌ನಲ್ಲಿ ದುಡ್ಡಿರಲಿ. 2025ರ ಆಗಸ್ಟ್‌ನಲ್ಲಿ ಬಂದ ವರ್ಷದ ಪಾಸ್ ಇದ್ದರೂ ಅದು ರಾಷ್ಟ್ರೀಯ ಹೆದ್ದಾರಿಗೆ ಮಾತ್ರ, ಹೈದರಾಬಾದಿನ ಹೊರವರ್ತುಲದಲ್ಲಿ ನಡೆಯುವುದಿಲ್ಲ. ಹೆದ್ದಾರಿಯಲ್ಲಿ ಗಾಡಿ ಕೆಟ್ಟರೆ 1033, ಬೇರೆ ತುರ್ತಿಗೆ 112. ಎರಡನ್ನೂ ಕಾಗದದಲ್ಲಿ ಬರೆದು ಕಾರಿನಲ್ಲಿ ಅಂಟಿಸಿ. ಹಿಂದೆ ಕೂತವರೂ ಬೆಲ್ಟ್ ಹಾಕಲಿ.

ಮನೆ ಬಿಡುವ ಹಿಂದಿನ ರಾತ್ರಿ ಫ್ರಿಜ್ ಖಾಲಿ ಮಾಡಿ. ಗ್ಯಾಸ್, ನೀರಿನ ಮೋಟಾರು ಬಂದ್ ಮಾಡಿ, ಹಾಲು ಪೇಪರ್ ನಿಲ್ಲಿಸಿ. ತುಳಸಿಗೆ ನೀರು ಹಾಕಲು ಪಕ್ಕದ ಮನೆಯವರಿಗೆ ಹೇಳಿ. ಹಾಸಿಗೆಗೆ ಒಗೆದ ಹೊದಿಕೆ ಹಾಸಿ, ಹುರಿದ ರವೆ, ಸಾರಿನ ಪುಡಿ, ಒಂದು ಪಾವು ಅಕ್ಕಿ ಕಟ್ಟೆಯ ಮೇಲೆ ಕಾಣುವಂತೆ ಇಟ್ಟು ಬಾಗಿಲು ಹಾಕಿ. ತಿರುಗಿ ಬಂದ ರಾತ್ರಿ ಯಾರಿಗೂ ಡಬ್ಬಿ ಹುಡುಕುವ ಶಕ್ತಿ ಇರುವುದಿಲ್ಲ.